ಅರಮನೆಗೊಂದು ಧರ್ಮ, ಊರಿಗೊಂದು ಧರ್ಮ: ಯುರೋಪಾ ಯೂನಿವರ್ಸಾಲಿಸ್ 4ರಲ್ಲಿ ದಖ್ಖನ್ ಆಳುವುದು ಹೇಗೆ

ಹೋದ ಬೇಸಿಗೆಯಲ್ಲಿ ನಮ್ಮ ಅಣ್ಣನ ಮಗ ಲ್ಯಾಪ್‌ಟಾಪ್ ಹಿಡಿದುಕೊಂಡು ಮನೆಗೆ ಬಂದ. ವಿಜಯಪುರದ ಏಪ್ರಿಲ್ ಬಿಸಿಲು, ಮೇಲೆ ಕರೆಂಟ್ ಬೇರೆ ಇಲ್ಲ. ಬಂದವನೇ ತಾನು ಆಡುತ್ತಿದ್ದ ಯುರೋಪಾ ಯೂನಿವರ್ಸಾಲಿಸ್ 4 ಆಟದ ಸ್ಕ್ರೀನ್ ತಿರುಗಿಸಿ ತೋರಿಸಿದ.

"ಕಾಕಾ, ಒಂದು ದಂಗೆ ಹತ್ತಿಕ್ಕೂದ್ರಾಗ ಇನ್ನೊಂದು ಏಳ್ತದ. ಏನ್ ಮಾಡ್ಲಿ?"

"ಮಿಷನರಿ ಎಷ್ಟು ಮಂದೀನ್ನ ಕಳಿಸೀದಿ?"

"ಇದ್ದಷ್ಟೂ ಕಳಿಸೀನಿ."

ಅವನು ಆಡುತ್ತಿದ್ದದ್ದು ಬಹಮನಿ ರಾಜ್ಯ. ಕೃಷ್ಣೆ ದಾಟಿ ವಿಜಯನಗರದ ಮೂರು ಪ್ರಾಂತ್ಯ ಗೆದ್ದಿದ್ದ. ಗೆದ್ದ ಖುಷಿಯಲ್ಲಿ ಅಲ್ಲೇ ಮತಾಂತರಕ್ಕೂ ಕೈ ಹಾಕಿದ್ದ. ಖಜಾನೆ ಖಾಲಿ, ಸೈನ್ಯ ಅರ್ಧ, ನಕ್ಷೆಯ ತುಂಬಾ ದಂಗೆಕೋರರು. ನಾನೂ ಮೊದಮೊದಲು ಹೀಗೇ ಮೂರು ಸಲ ಮಣ್ಣು ಮುಕ್ಕಿದವನು. ಅವನಿಗೆ ಅವತ್ತು ಕೂತು ಹೇಳಿಕೊಟ್ಟದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಇದು ಸ್ವೀಡನ್‌ನ ಪ್ಯಾರಡಾಕ್ಸ್ ಕಂಪನಿ 2013ರಲ್ಲಿ ತಂದ ಕಂಪ್ಯೂಟರ್ ಆಟ. 1444ರಿಂದ 1821ರವರೆಗೆ ಯಾವುದಾದರೂ ಒಂದು ರಾಜ್ಯವನ್ನು ಹಿಡಿದು ನಡೆಸಬೇಕು. 1444ರ ನಕ್ಷೆಯಲ್ಲಿ ನಮ್ಮ ಕಡೆ ಬಹಮನಿ ಇದೆ, ಕೆಳಗೆ ವಿಜಯನಗರ ಇದೆ. ಬಿಜಾಪುರ ಅನ್ನೋ ಪ್ರಾಂತ್ಯವೂ ಇದೆ. ಮೊದಲ ಸಲ ಅದನ್ನು ಕ್ಲಿಕ್ ಮಾಡಿದಾಗ ನನಗೆ ಸುಮ್ನೆ ನಗು ಬಂದಿತ್ತು. ನಮ್ಮ ಮನೆ, ಗೋಳಗುಮ್ಮಟ, ಸ್ಟೇಷನ್ ರಸ್ತೆಯ ಮಿರ್ಚಿ ಭಜಿ ಗಾಡಿ, ಎಲ್ಲಾ ಆ ಒಂದು ತುಂಡಿನೊಳಗೆ.

ಮೊದಲ ಹೆಜ್ಜೆ: ಎರಡು ಧರ್ಮ ಬೇರೆ ಬೇರೆ ಅಂತ ತಿಳಿಯಿರಿ

ಈ ಆಟದಲ್ಲಿ ರಾಜ್ಯಕ್ಕೊಂದು ಧರ್ಮ ಇರುತ್ತದೆ. ಪ್ರತಿ ಪ್ರಾಂತ್ಯಕ್ಕೂ ತನ್ನದೇ ಧರ್ಮ ಇರುತ್ತದೆ. ದಖ್ಖನ್‌ನಲ್ಲಿ ಸಮಸ್ಯೆ ಹುಟ್ಟುವುದೇ ಇಲ್ಲಿ. ಅರಮನೆಯಲ್ಲಿ ಇಸ್ಲಾಂ, ಹೊರಗೆ ಹೆಚ್ಚಿನ ಪ್ರಾಂತ್ಯಗಳಲ್ಲಿ ಹಿಂದೂ.

ಪರಧರ್ಮದವರನ್ನು ಆಟ ಎರಡು ಗುಂಪು ಮಾಡುತ್ತದೆ. ಸುನ್ನಿ ರಾಜ್ಯಕ್ಕೆ ಶಿಯಾ ಅಂದರೆ ಒಂದೇ ಮನೆಯ ಬೇರೆ ಪಂಥ. ಹಿಂದೂ ಅಂದರೆ ಪೂರ್ತಿ ಬೇರೆ ಮನೆ. ಟಾಲರೆನ್ಸ್, ಅಂದರೆ ಸಹನೆಯ ಅಂಕಿ, ಮೂವರಿಗೂ ಬೇರೆ. ಬೋನಸ್ ಏನೂ ಇಲ್ಲದಿದ್ದರೆ ಸ್ವಂತ ಧರ್ಮಕ್ಕೆ +3, ಬೇರೆ ಪಂಥಕ್ಕೆ -2, ಬೇರೆ ಧರ್ಮಕ್ಕೆ -3. ಅಂಕಿ ಮೇಲಿದ್ದರೆ ಅಲ್ಲಿನ ಅಸಮಾಧಾನ ಅಷ್ಟು ಇಳಿಯುತ್ತದೆ. ಕೆಳಗಿದ್ದರೆ ಅಷ್ಟು ಏರುತ್ತದೆ.

ಇದರ ಜೊತೆಗೆ ಧಾರ್ಮಿಕ ಏಕತೆ, ಅಂದರೆ ರಾಜ್ಯದ ಎಷ್ಟು ಪಾಲು ಅರಮನೆಯ ಧರ್ಮದ ಜೊತೆ ನಿಂತಿದೆ ಅನ್ನುವ ಶೇಕಡಾ ಲೆಕ್ಕವೂ ಒಂದಿದೆ. ಅದು ಕುಸಿದರೆ ಇಡೀ ರಾಜ್ಯದಲ್ಲಿ ಅಸಮಾಧಾನ, ಜೊತೆಗೆ ಭ್ರಷ್ಟಾಚಾರ. ಸ್ಟೆಬಿಲಿಟಿ, ಅಂದರೆ ರಾಜ್ಯದ ಸ್ಥಿರತೆ, ಏರಿಸುವ ಖರ್ಚೂ ಜಾಸ್ತಿ.

ಎರಡನೇ ಹೆಜ್ಜೆ: ಅಂಕಿಯ ಮೇಲೆ ಮೌಸ್ ಇಟ್ಟು ಓದಿ

ಇಡೀ ಬರಹದಲ್ಲಿ ಒಂದೇ ಒಂದು ಮಾತು ನೆನಪಿಡುತ್ತೀರಿ ಅಂದರೆ ಇದನ್ನೇ ಇಡಿ. ಹೊಸಬರು ದಂಗೆ ಎದ್ದ ಕೂಡಲೇ "ಧರ್ಮ ಬೇರೆ, ಅದಕ್ಕೇ ಎದ್ದರು" ಅಂತ ತೀರ್ಮಾನ ಮಾಡಿಬಿಡುತ್ತಾರೆ. ಮಿಷನರಿ ಕಳಿಸುತ್ತಾರೆ. ಬೆಂಕಿಗೆ ಸೀಮೆಎಣ್ಣೆ ಸುರಿದ ಹಾಗೆ.

ಪ್ರಾಂತ್ಯದ ಕಿಟಕಿ ತೆರೆಯಿರಿ. ಅನ್‌ರೆಸ್ಟ್, ಅಂದರೆ ಅಸಮಾಧಾನದ ಅಂಕಿಯ ಮೇಲೆ ಮೌಸ್ ನಿಲ್ಲಿಸಿ. ಒಂದೊಂದು ಕಾರಣಕ್ಕೆ ಎಷ್ಟೆಷ್ಟು ಅಂತ ಪಟ್ಟಿ ಬರುತ್ತದೆ. ನಮ್ಮ ಹುಡುಗ ತುಂಗಭದ್ರೆ ಕಡೆ ಗೆದ್ದ ಒಂದು ಪ್ರಾಂತ್ಯದಲ್ಲಿ ಹೀಗೆ ಮಾಡಿಸಿದೆ. ದೊಡ್ಡ ಅಂಕಿಗಳು ಮೂರೇ.

ಒಂದು, ಪ್ರತ್ಯೇಕತಾವಾದ: +15. ಹೊಸದಾಗಿ ಗೆದ್ದ ಪ್ರಾಂತ್ಯಕ್ಕೆ 30 ವರ್ಷದ ಪ್ರತ್ಯೇಕತೆ ಅಂಟಿಕೊಂಡು ಬರುತ್ತದೆ. ವರ್ಷಕ್ಕೆ ಅರ್ಧ ಅಂಕಿಯಂತೆ ಲೆಕ್ಕ. ಕಾಲ ಕಳೆದಂತೆ ತಾನೇ ಕರಗುತ್ತದೆ.

ಎರಡು, ಸಹನೆ ಇಲ್ಲದ್ದು: +3.

ಮೂರು, ಮಿಷನರಿ ಕೂತದ್ದು: +6.

"ನೋಡಪಾ, ಧರ್ಮದ ಸಿಟ್ಟು ಬರೇ ಮೂರು. ನೀ ಹಚ್ಚಿದ ಬೆಂಕಿ ಆರು. ಉಳಿದದ್ದು ಹೊಸಾ ಸಾಹೇಬ ಬಂದಾನ ಅನ್ನೋ ಸಿಟ್ಟು" ಅಂದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ.

24ರ ಅಸಮಾಧಾನಕ್ಕೆ ಯಾವ ರಾಜನೂ ನಿಲ್ಲಲ್ಲ. ಮಿಷನರಿಯನ್ನು ವಾಪಸ್ ಕರೆಸಿದರೆ 18. ಅಲ್ಲೇ ಪ್ರಾಂತ್ಯದ ಸ್ವಾಯತ್ತತೆ ಏರಿಸುವ ಬಟನ್ ಇದೆ. ಒತ್ತಿದರೆ 10 ಇಳಿಯುತ್ತದೆ. ಬದಲಿಗೆ ಆ ಪ್ರಾಂತ್ಯದ ತೆರಿಗೆ, ಸೈನಿಕರು ಬಹಳ ಕಾಲ ಕಡಿಮೆ ಸಿಗುತ್ತಾರೆ. ಈಗ 8. ಸ್ಟೆಬಿಲಿಟಿ ಮೇಲಿದ್ದರೆ ಪ್ರತಿ ಮೆಟ್ಟಿಲಿಗೆ ಇನ್ನೊಂದೊಂದು ಕಡಿಮೆ. ಒಂದಿಷ್ಟು ದಂಡನ್ನು ಅಲ್ಲಿಯೇ ಠಾಣ್ಯ ಹಾಕಿಸಿದರೆ ಇನ್ನೂ ಸ್ವಲ್ಪ ಇಳಿಯುತ್ತದೆ. ಮತಾಂತರದ ಮಾತೇ ಎತ್ತದೆ ದಂಗೆ ಸೊನ್ನೆಯ ಹತ್ತಿರ ಬಂತು.

ಒಂದು ಎಚ್ಚರಿಕೆ. ಈ ಆಟಕ್ಕೆ ಆಗಾಗ ಪ್ಯಾಚ್ ಬರುತ್ತಾ ಬಂದಿದೆ, ಅಂಕಿಗಳೂ ಬದಲಾಗುತ್ತಾ ಬಂದಿವೆ. ಯಾರು ಏನೇ ಬರೆದಿರಲಿ, ನಾನೂ ಸೇರಿ, ನಿಮ್ಮ ಸ್ಕ್ರೀನ್ ಮೇಲೆ ಕಾಣುವ ಅಂಕಿಯನ್ನೇ ನಂಬಿ.

ಮೂರನೇ ಹೆಜ್ಜೆ: ಎಣಿಸಿ

ಧರ್ಮದ ನಕ್ಷೆ ತೆರೆಯಿರಿ. ಬಣ್ಣ ನೋಡಿ ಮೋಸ ಹೋಗಬೇಡಿ. ದೊಡ್ಡ ಪ್ರಾಂತ್ಯವೆಲ್ಲ ಶ್ರೀಮಂತ ಪ್ರಾಂತ್ಯ ಅಲ್ಲ. ಆಟ ಎಣಿಸುವುದು ಡೆವಲಪ್‌ಮೆಂಟ್, ಅಂದರೆ ತೆರಿಗೆ, ಉತ್ಪಾದನೆ, ಸೈನಿಕ ಬಲ ಈ ಮೂರನ್ನು ಕೂಡಿಸಿದ ಅಂಕಿಯನ್ನು. ಒಂದು ಹಾಳೆಯಲ್ಲಿ ಎರಡು ಸಾಲು ಹಾಕಿ: ನನ್ನ ಧರ್ಮದವು ಎಷ್ಟು, ಬೇರೆಯವು ಎಷ್ಟು. ಇಷ್ಟೇ. ಈ ಚೀಟಿ ಇಲ್ಲದೆ ಮುಂದಿನ ಹೆಜ್ಜೆ ಇಡಬೇಡಿ.

ನಾಲ್ಕನೇ ಹೆಜ್ಜೆ: ರಿಲಿಜಿಯಸ್ಸೋ, ಹ್ಯೂಮನಿಸ್ಟೋ

ಆಡಳಿತ ತಂತ್ರಜ್ಞಾನ 5ನೇ ಮಟ್ಟಕ್ಕೆ ಬಂದಾಗ ಮೊದಲ ಐಡಿಯಾ ಗುಂಪು, ಅಂದರೆ ರಾಜ್ಯಕ್ಕೆ ಕಾಯಂ ಲಾಭ ಕೊಡುವ ನೀತಿಗಳ ಕಟ್ಟು, ತೆರೆಯುತ್ತದೆ. ಒಂದು ಗುಂಪಿನಲ್ಲಿ ಏಳು ಐಡಿಯಾ. ರಿಯಾಯಿತಿ ಇಲ್ಲದಿದ್ದರೆ ಒಂದೊಂದಕ್ಕೆ 400 ಪಾಯಿಂಟ್. ಅಂದರೆ ಒಂದು ಗುಂಪು ಮುಗಿಯಲು 2800 ಆಡಳಿತ ಪಾಯಿಂಟ್. ರಿಲಿಜಿಯಸ್ (ಧಾರ್ಮಿಕ), ಹ್ಯೂಮನಿಸ್ಟ್ (ಮಾನವತಾವಾದಿ) ಎರಡೂ ಆಡಳಿತದ ಗುಂಪುಗಳೇ. ಗೆದ್ದ ನೆಲವನ್ನು ಸ್ವಂತ ಮಾಡಿಕೊಳ್ಳುವುದಕ್ಕೂ, ಸ್ಟೆಬಿಲಿಟಿ ಏರಿಸುವುದಕ್ಕೂ ಇದೇ ಪಾಯಿಂಟ್ ಬೇಕು. ಒಂದೇ ಕೊಡದಲ್ಲಿ ನಾಲ್ಕು ಮನೆಗೆ ನೀರು ಹೊತ್ತ ಹಾಗೆ. ಎರಡನ್ನೂ ತೆಗೆದುಕೊಳ್ಳೋಣ ಅನ್ನುವುದು ನನ್ನ ಪ್ರಕಾರ ಶುದ್ಧ ದಂಡ. ಒಂದನ್ನು ಆರಿಸಿ.

ರಿಲಿಜಿಯಸ್ ಗುಂಪು ಇನ್ನೊಬ್ಬ ಮಿಷನರಿಯನ್ನು ಕೊಡುತ್ತದೆ, ಮಿಷನರಿಯ ಬಲ ಹೆಚ್ಚಿಸುತ್ತದೆ. ಅದಕ್ಕಿಂತ ದೊಡ್ಡ ಆಸೆ ಬೇರೆ ಇದೆ. ಬೇರೆ ಧರ್ಮದ ನೆರೆಯವರ ಮೇಲೆ ಯುದ್ಧಕ್ಕೆ ಯಾವಾಗ ಬೇಕಾದರೂ ನೆಪ ಸಿಗುತ್ತದೆ. ಬಹಮನಿ ಆಡುವವನಿಗೆ ಪಕ್ಕದಲ್ಲೇ ವಿಜಯನಗರ. ಬಾಯಲ್ಲಿ ನೀರು ಬರದೆ ಇರುತ್ತದಾ?

ಆದರೆ ಚೀಟಿ ತೆಗೆದು ನೋಡಿ. ಆ ನೆಪದಿಂದ ಗೆದ್ದ ಪ್ರತಿಯೊಂದು ಪ್ರಾಂತ್ಯವೂ "ಬೇರೆಯವು" ಅನ್ನೋ ಸಾಲಿಗೇ ಸೇರುತ್ತದೆ. ನೀವು ಒಂದು ಪ್ರಾಂತ್ಯ ಮತಾಂತರ ಮಾಡಿ ಮುಗಿಸುವಷ್ಟರಲ್ಲಿ ಮೂರು ಗೆದ್ದಿರುತ್ತೀರಿ. ತೂತಿನ ಬಿಂದಿಗೆ.

ಹ್ಯೂಮನಿಸ್ಟ್ ಗುಂಪು ಬೇರೆ ದಾರಿ ಹಿಡಿಯುತ್ತದೆ. ಇಡೀ ರಾಜ್ಯದ ಅಸಮಾಧಾನ 2 ಇಳಿಸುತ್ತದೆ. ಪ್ರತ್ಯೇಕತೆಯ 30 ವರ್ಷದಲ್ಲಿ 10 ವರ್ಷ ಕತ್ತರಿಸುತ್ತದೆ. ಅಂದರೆ ಮೇಲಿನ ಪಟ್ಟಿಯ +15 ಶುರುವಿನಲ್ಲೇ +10. ಧಾರ್ಮಿಕ ಏಕತೆಗೆ 25 ಶೇಕಡಾ ಸೇರಿಸುತ್ತದೆ. ಬೇರೆ ಧರ್ಮಗಳ ಸಹನೆಯನ್ನೂ ಮೇಲೆತ್ತುತ್ತದೆ. ಹೀಗೆ ಸಹನೆ ಏರಿದಂತೆ ಆ ಪ್ರಾಂತ್ಯಗಳೂ ಏಕತೆಯ ಲೆಕ್ಕಕ್ಕೆ ಬರುತ್ತವೆ. ಒಂದೇ ಕಲ್ಲಿಗೆ ಎರಡು ಹಣ್ಣು.

ನನ್ನ ಲೆಕ್ಕ ಸರಳ. ಚೀಟಿಯಲ್ಲಿ ಸ್ವಂತ ಧರ್ಮದ ಸಾಲು ಅರ್ಧಕ್ಕಿಂತ ಕಡಿಮೆ ಇದ್ದು, ಇನ್ನೂ ಗೆಲ್ಲುವ ಆಸೆ ಇದ್ದರೆ ಹ್ಯೂಮನಿಸ್ಟ್. ಮುಕ್ಕಾಲು ಭಾಗ ಸ್ವಂತದ್ದೇ ಇದ್ದು, ಅಂಚಿನಲ್ಲಿ ನಾಲ್ಕೈದು ಪ್ರಾಂತ್ಯ ಮಾತ್ರ ಬೇರೆ ಆಗಿದ್ದರೆ ರಿಲಿಜಿಯಸ್. ವಿಜಯನಗರ ಆಡುತ್ತಿದ್ದೀರಾ? ಆಗ ಈ ಮಾತು ತಿರುವುಮುರುವು. ನಿಮ್ಮ ಅರಮನೆ, ಪ್ರಾಂತ್ಯ ಎರಡೂ ಹಿಂದೂ. ರಿಲಿಜಿಯಸ್ ಚೆನ್ನಾಗಿ ಹೊಂದುತ್ತದೆ.

ಬಹಮನಿಯಲ್ಲಿ ನಾನು ಕಣ್ಣು ಮುಚ್ಚಿ ಹ್ಯೂಮನಿಸ್ಟ್ ಹಿಡಿಯುತ್ತೇನೆ. ಯುದ್ಧದ ನೆಪ ಬೇರೆ ದಾರಿಯಲ್ಲೂ ಸಿಗುತ್ತದೆ. ಗಡಿಯಾಚೆಯ ಪ್ರಾಂತ್ಯದಲ್ಲಿ ಗೂಢಚಾರರನ್ನು ಬಿಟ್ಟು ಹಕ್ಕು ಸೃಷ್ಟಿಸಿದರೆ ಆಯಿತು.

ಐದನೇ ಹೆಜ್ಜೆ: ಮಿಷನರಿಯನ್ನು ಎಲ್ಲಿಗೆ ಕಳಿಸಬೇಕು

ಹ್ಯೂಮನಿಸ್ಟ್ ಹಿಡಿದರೆ ಮಿಷನರಿ ಕೆಲಸವಿಲ್ಲದೆ ಕೂತಿರಬೇಕು ಅಂತಿಲ್ಲ. ಆದರೆ ಈ ಮೂರನ್ನು ನೋಡಿ ಕಳಿಸಿ: ಅಲ್ಲಿನ ಅಸಮಾಧಾನಕ್ಕೆ 6 ಸೇರಿಸಿದರೂ ಸೊನ್ನೆಯ ಕೆಳಗಿರಬೇಕು. ಅಲ್ಲಿನ ಸಂಸ್ಕೃತಿಯನ್ನು ನಿಮ್ಮ ರಾಜ್ಯ ಒಪ್ಪಿಕೊಂಡಿರಬೇಕು, ಇಲ್ಲದಿದ್ದರೆ ಮಿಷನರಿ ಬಲ ಕುಗ್ಗುತ್ತದೆ. ಡೆವಲಪ್‌ಮೆಂಟ್ ಕಡಿಮೆ ಇರಬೇಕು, ಯಾಕೆಂದರೆ ದೊಡ್ಡ ಊರು ಬೇಗ ಬಗ್ಗುವುದಿಲ್ಲ.

ಎಷ್ಟು ತಿಂಗಳು ಹಿಡಿಯುತ್ತದೆ ಅಂತ ಕಳಿಸುವ ಮೊದಲೇ ಆಟ ತೋರಿಸುತ್ತದೆ. ಹತ್ತಾರು ವರ್ಷ ಅಂತ ತೋರಿಸಿದರೆ ಬಿಟ್ಟುಬಿಡಿ. ಅಷ್ಟು ದಿನ ಸಂಬಳ ಕೊಡುವುದು ನಿಮ್ಮ ಖಜಾನೆಯೇ ಅಲ್ವಾ?

ಆರನೇ ಹೆಜ್ಜೆ: ದಿಮ್ಮಿಗಳು ಮತ್ತು ರಾಜನ ಭಕ್ತಿ

ಮುಸ್ಲಿಂ ರಾಜ್ಯಗಳಿಗೆ ದಿಮ್ಮಿ ಅಂತ ಒಂದು ವರ್ಗ ಸಿಗುತ್ತದೆ. ಬೇರೆ ಧರ್ಮದ ಪ್ರಜೆಗಳ ದನಿ ಅನ್ನಬಹುದು. ಅವರಿಗೆ ಸವಲತ್ತು ಕೊಟ್ಟರೆ ನಿಷ್ಠೆ ಏರುತ್ತದೆ. ಜೊತೆಗೆ ಪ್ರಭಾವವೂ ಏರುತ್ತದೆ. ಈ ಎರಡನೆಯದನ್ನು ಜನ ಮರೆಯುತ್ತಾರೆ. ಯಾವುದೇ ವರ್ಗದ ಪ್ರಭಾವ ನೂರು ಮುಟ್ಟಲು ಬಿಟ್ಟರೆ ರಾಜ್ಯವೇ ಅವರ ಕೈಗೆ ಹೋಗುವ ಗಂಡಾಂತರ ಶುರುವಾಗುತ್ತದೆ. ನಾನು ಒಂದು ಸವಲತ್ತು ಕೊಟ್ಟು ಹತ್ತು ವರ್ಷ ಸುಮ್ಮನಿರುತ್ತೇನೆ. ಶುರುವಿನಲ್ಲೇ ಎಲ್ಲಾ ಕೊಟ್ಟರೆ ಮುಂದೆ ರಾಜಾಧಿಕಾರ ಬಿಗಿ ಮಾಡುವ ಯುಗ ಬಂದಾಗ ಕೈ ಕಟ್ಟಿದ ಹಾಗಾಗುತ್ತದೆ. ಆಗ ಸವಲತ್ತು ವಾಪಸ್ ಕಿತ್ತುಕೊಳ್ಳಲು ಹೋದರೆ ನಿಷ್ಠೆ ಕುಸಿಯುತ್ತದೆ.

ರಾಜನ ಭಕ್ತಿ ಅನ್ನುವುದು ಒಂದು ತಕ್ಕಡಿ. ಒಂದು ತುದಿ ಶರಿಯತ್ತಿನ ಕಟ್ಟುನಿಟ್ಟು, ಇನ್ನೊಂದು ತುದಿ ಸೂಫಿ ದಾರಿ. ಕಟ್ಟುನಿಟ್ಟಿನ ಕಡೆ ಹೋದರೆ ತಂತ್ರಜ್ಞಾನ ಅಗ್ಗವಾಗುತ್ತದೆ. ಸೂಫಿ ಕಡೆ ಹೋದರೆ ಸೈನ್ಯದ ಹುರುಪು, ಮಿಷನರಿ ಬಲ ಏರುತ್ತದೆ. ನಡುವೆ ನಿಂತರೆ ಹೆಚ್ಚೇನೂ ಸಿಗುವುದಿಲ್ಲ. ಮಿಷನರಿಯನ್ನೇ ನೆಚ್ಚದ ಹ್ಯೂಮನಿಸ್ಟ್ ರಾಜ್ಯಕ್ಕೆ ಕಟ್ಟುನಿಟ್ಟಿನ ತುದಿ ಲಾಭ. ಕೇಳಿದರೆ ವಿಚಿತ್ರ ಅನಿಸುತ್ತದೆ, ಆದರೆ ಲೆಕ್ಕ ಹಾಗೇ ಬರುತ್ತದೆ. ಯುದ್ಧದ ಮೇಲೆ ಯುದ್ಧ ಇದ್ದರೆ ಮಾತ್ರ ಸೂಫಿ ಕಡೆ ವಾಲಿ.

ಏಳನೇ ಹೆಜ್ಜೆ: ಅರಮನೆಯ ಧರ್ಮವನ್ನೇ ಬದಲಿಸಬೇಕಾ?

ಇಲ್ಲಿಗೆ ಬಂದಾಗ ನಮ್ಮ ಹುಡುಗ ಕೇಳಿದ. "ಕಾಕಾ, ಸುನ್ನಿಯಿಂದ ಶಿಯಾಗೆ ಹಾರಿದ್ರ ಪ್ರಾಬ್ಲೆಮ್ ಮುಗೀತದಲ್ಲ?"

ಇದಕ್ಕೆ ಉತ್ತರ ನಮ್ಮೂರಿನ ಚರಿತ್ರೆಯಲ್ಲೇ ಇದೆ. ಆದಿಲ್ ಶಾಹಿಗಳು ಇದನ್ನು ನಿಜವಾಗಿ ಆಡಿ ನೋಡಿದವರು. ಯೂಸುಫ್ ಆದಿಲ್ ಶಾಹ 16ನೇ ಶತಮಾನದ ಶುರುವಿನಲ್ಲಿ ಶಿಯಾ ಪಂಥವನ್ನು ರಾಜ್ಯದ ಧರ್ಮ ಅಂತ ಸಾರಿದ. ಅಕ್ಕಪಕ್ಕದ ಸುಲ್ತಾನರು ಮೇಲೆ ಬಿದ್ದರು. ಸ್ವಲ್ಪ ಕಾಲ ಹಿಂದೆ ಸರಿಯಬೇಕಾಯಿತು. 1534ರಲ್ಲಿ ಪಟ್ಟಕ್ಕೆ ಬಂದ ಒಂದನೇ ಇಬ್ರಾಹಿಂ ಸುನ್ನಿ ಕಡೆ ತಿರುಗಿಸಿದ. 1558ರಲ್ಲಿ ಬಂದ ಒಂದನೇ ಅಲಿ ಮತ್ತೆ ಶಿಯಾ ಮಾಡಿದ. ಎರಡನೇ ಇಬ್ರಾಹಿಂ ಕಾಲಕ್ಕೆ ಮತ್ತೆ ಸುನ್ನಿ. ಒಂದು ನೂರು ವರ್ಷದೊಳಗೆ ಅರಮನೆ ಇಷ್ಟು ಸಲ ಮಗ್ಗುಲು ಬದಲಿಸಿತು. ಬಾಗಲಕೋಟೆ ಕಡೆಯ ಜೋಳದ ಹೊಲದವನಿಗೆ ಅದರಿಂದ ಏನು ಬದಲಾಯಿತು?

ಆಟದಲ್ಲೂ ಹಾಗೇ. ಸುನ್ನಿ ಇದ್ದರೂ ಶಿಯಾ ಇದ್ದರೂ ಹಿಂದೂ ಪ್ರಾಂತ್ಯಕ್ಕೆ ನೀವು ಬೇರೆ ಧರ್ಮದವರೇ. ಆ -3 ಕದಲುವುದಿಲ್ಲ. ಬದಲಾಗುವುದು ನೆರೆಯ ಸುಲ್ತಾನರ ಮುಖಭಾವ. ಜೊತೆಗೆ ಇಷ್ಟು ದಿನ ನಿಮ್ಮದಾಗಿದ್ದ ಸುನ್ನಿ ಪ್ರಾಂತ್ಯಗಳೂ ಈಗ ಬೇರೆ ಪಂಥ. ಅಂದರೆ ದೋಸ್ತಿ ಬದಲಿಸಲು ಇದು ಒಳ್ಳೆಯ ದಾರಿ, ದಂಗೆ ನಿಲ್ಲಿಸಲು ಅಲ್ಲ.

ಒಂದನೇ ಇಬ್ರಾಹಿಂ ಮಾಡಿದ ಇನ್ನೊಂದು ಕೆಲಸ ನನಗೆ ಜಾಸ್ತಿ ಹಿಡಿಸುತ್ತದೆ. ಲೆಕ್ಕಪತ್ರದಲ್ಲಿ ಪಾರಸಿಯನ್ನು ಬಿಟ್ಟು ಇಲ್ಲಿನ ಮಾತನ್ನು ತಂದ. ಇಲ್ಲಿನ ಜನರನ್ನು ಕಚೇರಿಗೆ ಸೇರಿಸಿಕೊಂಡ. ಇದು ಆಟದ ಭಾಷೆಯಲ್ಲಿ ಧರ್ಮದ ಕಿಟಕಿ ಅಲ್ಲ, ಸಂಸ್ಕೃತಿಯ ಕಿಟಕಿ. ಕನ್ನಡ, ಮರಾಠಿ, ತೆಲುಗು ಇವುಗಳಲ್ಲಿ ನಿಮ್ಮ ಬಳಿ ದೊಡ್ಡದಾಗಿ ಇರುವುದನ್ನು ಒಪ್ಪಿತ ಸಂಸ್ಕೃತಿಗೆ ಏರಿಸಿ. ಅದಕ್ಕೆ ರಾಜತಾಂತ್ರಿಕ ಪಾಯಿಂಟ್ ಸಾಕು, ಆಡಳಿತದ ಕೊಡಕ್ಕೆ ಕೈ ಹಾಕಬೇಕಿಲ್ಲ. ಧರ್ಮ ಇದ್ದಲ್ಲೇ ಇರುತ್ತದೆ, ಅಸಮಾಧಾನ ಇಳಿಯುತ್ತದೆ, ತೆರಿಗೆ ಏರುತ್ತದೆ. ಧರ್ಮ ಬದಲಿಸುವ ಮೊದಲು ಇದನ್ನು ಮಾಡಿ ನೋಡಿ.

ಎರಡನೇ ಇಬ್ರಾಹಿಂ ಇನ್ನೂ ಮುಂದೆ ಹೋದ. ತನ್ನ ಹಾಡುಗಳಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ನೆನೆದ. ಜನ ಅವನನ್ನು ಜಗದ್ಗುರು ಅಂದರು. ಹಾಗಂತ ಅರಮನೆಯ ಧರ್ಮ ಹಿಂದೂ ಆಗಲಿಲ್ಲ.

ಆಟದಲ್ಲಿ ಆಗಿಸಬಹುದು. ಹಿಂದೂ ಧಾರ್ಮಿಕ ದಂಗೆಕೋರರು ಎದ್ದಾಗ ಅವರ ಬೇಡಿಕೆ ಒಪ್ಪಿಕೊಳ್ಳುವ ಬಟನ್ ಇರುತ್ತದೆ. ಆ ಧರ್ಮದ ಪ್ರಾಂತ್ಯಗಳು ಸಾಕಷ್ಟಿದ್ದರೆ ರಾಜ್ಯದ ಧರ್ಮವೇ ತಿರುಗುತ್ತದೆ. ಒತ್ತುವ ಮೊದಲು ಏನಾಗುತ್ತದೆ ಅಂತ ಅಲ್ಲೇ ಓದಿಕೊಳ್ಳಿ. ತಿರುಗಿದ ಮೇಲೆ ಭಕ್ತಿಯ ತಕ್ಕಡಿ, ದಿಮ್ಮಿ ವರ್ಗ ಎರಡೂ ಹೋಗುತ್ತವೆ. ಬದಲಿಗೆ ಶಿವ, ಶಕ್ತಿ, ವಿಷ್ಣು, ಗಣೇಶ, ಸೂರ್ಯ, ಗಂಗೆ ಈ ಆರರಲ್ಲಿ ಒಬ್ಬರನ್ನು ರಾಜನ ಇಷ್ಟದೈವ ಮಾಡಿಕೊಳ್ಳಬಹುದು. ಒಳಗಿನ ಅಸಮಾಧಾನ ಒಂದೇ ಏಟಿಗೆ ಬೀಳುತ್ತದೆ. ಹೊರಗೆ ಮಾತ್ರ ಉತ್ತರದ ಸುಲ್ತಾನರಿಗೆಲ್ಲ ನೀವು ಬೇರೆ ಧರ್ಮದವರು.

ನಾನು ಇದನ್ನು ಒಂದೇ ಸಲ ಮಾಡಿದ್ದೇನೆ. ಒಳಗೆ ತಣ್ಣಗಾಯಿತು. ಆದರೆ ಬಲವಾದ ದೋಸ್ತಿ ಒಂದೂ ಇರಲಿಲ್ಲ, ಮಾಳವ ಮತ್ತು ಗುಜರಾತ್ ಸೇರಿ ಮೇಲಿನ ಅರ್ಧ ಕಿತ್ತುಕೊಂಡವು. ಆದ್ದರಿಂದ ಕೆಳಗೆ ವಿಜಯನಗರ ಮುಗಿದಿರಬೇಕು ಅಥವಾ ಗೆಳೆಯನಾಗಿರಬೇಕು. ಎರಡೂ ಇಲ್ಲದಿದ್ದರೆ ಆ ಬಟನ್ ಮುಟ್ಟಬೇಡಿ.

ಧರ್ಮಪ್ರಭುತ್ವದ ಬಗ್ಗೆ ಸ್ವಲ್ಪ

ರಾಜಪ್ರಭುತ್ವ ಬಿಟ್ಟು ಪೂರ್ತಿ ಧರ್ಮಗುರುಗಳ ಸರ್ಕಾರ ಮಾಡಬಹುದಾ ಅಂತ ಕೇಳುವವರಿದ್ದಾರೆ. ಸರ್ಕಾರಿ ಸುಧಾರಣೆಗಳ ಮೆಟ್ಟಿಲು ಏರುತ್ತಾ ಹೋದರೆ ಮೇಲೆ ಆ ದಾರಿ ಸಿಗುತ್ತದೆ. ಲಾಭ ಏನೆಂದರೆ, ಉತ್ತರಾಧಿಕಾರಿಯನ್ನು ನೀವೇ ಆರಿಸುತ್ತೀರಿ. ರಾಜ ಸತ್ತು ಕೂಸು ಪಟ್ಟಕ್ಕೆ ಬಂದು ಹದಿನೈದು ವರ್ಷ ಕೈಕಟ್ಟಿ ಕೂರುವ ಕಾಟ ಇಲ್ಲ. ನಷ್ಟ ಏನೆಂದರೆ, ರಾಜಮನೆತನಗಳ ಮದುವೆ ಸಂಬಂಧ ಇಲ್ಲ. ಬಹು ಧರ್ಮದ ದಖ್ಖನ್‌ಗೆ ಇದು ಹೊಂದುವುದಿಲ್ಲ. ಒಂದೇ ಧರ್ಮದ ಚಿಕ್ಕ, ಗಟ್ಟಿ ರಾಜ್ಯಕ್ಕೆ ಸರಿ.

ಹುಡುಗನ ಆಟ ಏನಾಯಿತು

ಅವತ್ತು ಸಂಜೆ ಕರೆಂಟ್ ಬಂದ ಮೇಲೆ ಹಳೆಯ ಸೇವ್ ತೆರೆದ. ಮಿಷನರಿಗಳನ್ನು ವಾಪಸ್ ಕರೆಸಿದ. ಮೂರು ಪ್ರಾಂತ್ಯಕ್ಕೂ ಸ್ವಾಯತ್ತತೆ ಕೊಟ್ಟ. ಎದ್ದಿದ್ದ ಒಂದು ದಂಗೆಯನ್ನು ಒಂದೇ ದಂಡಿನಿಂದ ಮುಗಿಸಿದ. ದಂಗೆ ಮುಗಿದ ಪ್ರಾಂತ್ಯ ಕೆಲವು ವರ್ಷ ತಾನಾಗಿ ತಣ್ಣಗಿರುತ್ತದೆ ಅನ್ನುವುದನ್ನು ಅಲ್ಲೇ ಕಂಡುಕೊಂಡ. ಕನ್ನಡವನ್ನು ಒಪ್ಪಿತ ಸಂಸ್ಕೃತಿಗೆ ಏರಿಸಿದ. ಆಮೇಲೆ ಇಪ್ಪತ್ತು ವರ್ಷ ಯಾವ ಯುದ್ಧಕ್ಕೂ ಹೋಗದೆ ಹ್ಯೂಮನಿಸ್ಟ್ ತುಂಬಿಸುತ್ತಾ ಕೂತ. ಅದು ಅವನಿಗೆ ಬಹಳ ಕಷ್ಟದ ಕೆಲಸ. ನಡುವೆ ಎರಡು ಸಲ ಎದ್ದು ಹೋಗಿ ಶೇಂಗಾ ಚಟ್ನಿ ಹಚ್ಚಿದ ರೊಟ್ಟಿ ತಿಂದು ಬಂದ.

ಹೋದ ವಾರ ಒಂದು ಸ್ಕ್ರೀನ್‌ಶಾಟ್ ಕಳಿಸಿದ್ದ. ತುಂಗಭದ್ರೆ ತನಕ ಅವನದೇ ನೆಲ. ಧರ್ಮದ ನಕ್ಷೆ ತೆರೆದರೆ ಬಣ್ಣ ಹೆಚ್ಚುಕಡಿಮೆ 1444ರಲ್ಲಿ ಇದ್ದ ಹಾಗೇ ಇದೆ. ದಂಗೆಯ ಪಟ್ಟಿ ಖಾಲಿ. ಕೆಳಗೆ ಒಂದು ಸಾಲು ಬರೆದಿದ್ದ: "ಕಾಕಾ, ಪೋರ್ಚುಗಲ್ ಹಡಗು ಗೋವಾ ಮುಂದ ನಿಂತಾವ. ಇದಕ್ಕ ಯಾವ ಕಿಟಕಿ ತೆಗೀಬೇಕು?"